ಒಂದೇ ಲೆನ್ಸು, ಮೂರು ಕೊಳವೆ: ಪಿವಿಸಿ, ತಗಡು, ಅಲ್ಯೂಮಿನಿಯಂ

ಮನೇಲೇ ದೂರದರ್ಶಕ ಮಾಡೋಕೆ ಹೊರಟೋರು ಲೆನ್ಸ್ ಬಗ್ಗೆ ತಿಂಗಳುಗಟ್ಲೆ ತಲೆ ಕೆಡಿಸ್ಕೋತಾರೆ, ಕೊಳವೆ ಅಂದ್ರೆ ಮಾತ್ರ "ಯಾವ್ದೋ ಒಂದು ಪೈಪು" ಅಂತ ಬಿಟ್ಬಿಡ್ತಾರೆ. ನಾನೂ ಹಂಗೇ ಬಿಟ್ಟಿದ್ದೆ, ಅದಕ್ಕೇ ಒಂದು ಮಾಡೋ ಜಾಗದಲ್ಲಿ ಮೂರು ಮಾಡಬೇಕಾಯ್ತು. ಲೆನ್ಸು ಮೂರಕ್ಕೂ ಒಂದೇ: 80 ಮಿಮೀ ಅಗಲ, 900 ಮಿಮೀ ಫೋಕಲ್ ಲೆಂತಿನ (ಅಂದ್ರೆ ಲೆನ್ಸಿಂದ ಬಿಂಬ ಮೂಡೋ ಜಾಗಕ್ಕೆ ಅಷ್ಟು ದೂರ) ಆಕ್ರೋಮ್ಯಾಟು, ಅಂದ್ರೆ ಬಣ್ಣದ ಅಂಚು ಕಾಣದಂಗೆ ಎರಡು ಗಾಜು ಜೋಡಿಸಿದ ಲೆನ್ಸು. ಬಿಂಬ ಸ್ಪಷ್ಟ ಮಾಡೋಕೆ ತಿರುಗಿಸೋ ಫೋಕಸರ್ರು ರೆಡಿಮೇಡ್ ತಗೊಂಡಿದ್ದು, ಪ್ಲೈವುಡ್ ಸ್ಟ್ಯಾಂಡು ನಾನೇ ಮಾಡಿದ್ದು, ಕಣ್ಣಿಟ್ಟು ನೋಡೋ ಐಪೀಸು 25 ಮತ್ತೆ 10 ಮಿಮೀ, ಅಂದ್ರೆ 36 ಪಟ್ಟು, 90 ಪಟ್ಟು ದೊಡ್ಡದಾಗಿ ಕಾಣುತ್ತೆ. ಇವೂ ಎಲ್ಲಾ ಅವೇ, ಬದಲಾಗಿದ್ದು ಕೊಳವೆ ಮತ್ತೆ ಅದರ ತುದೀಲಿ ಲೆನ್ಸ್ ಕೂರಿಸೋ ರೀತಿ, ಅಷ್ಟೇ.

ಮೊದಲ್ನೇದು ಪಿವಿಸಿ. ತೋಟಕ್ಕೆ ನೀರು ಹಾಯಿಸೋ 90 ಮಿಮೀ ಪೈಪು ಮನೆ ಹಿತ್ತಲಲ್ಲೇ ಬಿದ್ದಿತ್ತು, ಹ್ಯಾಕ್ಸಾ ಬ್ಲೇಡ್ ತಗೊಂಡು ಕುಯ್ದೆ, ಕಪ್ಲಿಂಗ್ ಒಳಗೆ ಲೆನ್ಸ್ ಕೂರಿಸಿದೆ, ಒಂದು ಭಾನುವಾರಕ್ಕೆ ಕೆಲಸ ಮುಗೀತು. ಚಂದ್ರನ್ನ 36 ಪಟ್ಟಲ್ಲಿ ನೋಡಿ ಮನೆಯವರೆಲ್ಲ ಕುಣಿದಾಡಿದ್ರು, ನಿಜ ಹೇಳ್ಬೇಕಂದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ಪಿವಿಸಿ ಸಾಕಾಗಿತ್ತು. ತೊಂದ್ರೆ ಶುರುವಾಗಿದ್ದು 90 ಪಟ್ಟಿಗೆ ಹೋದಾಗ. ಲುಬ್ಧಕ ನಕ್ಷತ್ರ (ಸಿರಿಯಸ್) ಚುಕ್ಕಿ ಥರ ಕಾಣೋ ಬದ್ಲು ಒಂದು ಕಡೆಗೆ ಬಾಲ ಬಂದ ಧೂಮಕೇತು ಥರ ಕಾಣ್ತಿತ್ತು. ಲೆನ್ಸೇ ಕೆಟ್ಟದ್ದು ಕೊಟ್ಟಿದ್ದಾರೆ ಅಂತ ಮಾರಿದವರನ್ನ ಮನಸಲ್ಲೇ ಎರಡು ದಿನ ಬೈಕೊಂಡೆ, ಆಮೇಲೆ ಮೂಲೆಮಟ್ಟ ಇಟ್ಟು ನೋಡಿದ್ರೆ ನಾನು ಕುಯ್ದ ತುದಿ ಒಂದು ಕಡೆ ಸುಮಾರು ಎರಡು ಮಿಮೀ ಇಳಿಜಾರು. ಲೆನ್ಸ್ ಒಂದು ಕಡೆ ನೋಡ್ತಿದೆ, ಐಪೀಸ್ ಇನ್ನೊಂದು ಕಡೆ. ಉಜ್ಜಿ ಉಜ್ಜಿ ಸರಿ ಮಾಡಿದೆ, ಬಾಲ ಮುಕ್ಕಾಲು ಪಾಲು ಹೋಯ್ತು. ಅಷ್ಟರಲ್ಲಿ ಏಪ್ರಿಲ್ ಬಂತು, ಒಂದಿನ ಮರೆತು ತಾರಸಿ ಮೇಲೆ ಬಿಸಿಲಿಗೆ ಬಿಟ್ಟು ಆಫೀಸಿಗೆ ಹೋದೆ, ಸಂಜೆ ಬಂದು ನೋಡಿದ್ರೆ ಪೈಪು ಬಾಳೆಕಾಯಿ ಥರ ಬಗ್ಗಿದೆ.

ಎರಡನೇದು ಜಿಐ ತಗಡು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು. ಬಕೆಟ್, ಡಬ್ಬ ಮಾಡೋ ಅಂಗಡೀಲಿ ಸುತ್ತಿಸಿದ್ದು. ಇದರ ಬಗ್ಗೆ ಜಾಸ್ತಿ ಹೇಳಲ್ಲ, ಮಾಡಿಸಬೇಡಿ. ಕೈಲಿ ಸುತ್ತಿದ ತಗಡು ಗುಂಡಗೆ ಇರಲ್ಲ, ನಂದು ಒಂದು ಅಡ್ಡಕ್ಕೆ 88 ಮಿಮೀ, ಇನ್ನೊಂದು ಅಡ್ಡಕ್ಕೆ 91. ಫೋಕಸ್ ತಿರುಗಿಸಿದ್ರೆ ಸಾಕು, ತಮಟೆ ಥರ ಅದುರುತ್ತೆ, ಗ್ರಹ ಒಂದ್ಕಡೆ ನಿಲ್ಲೋಕೆ ನಾಲ್ಕೈದು ಸೆಕೆಂಡು ಬೇಕು. ಕುಯ್ದ ಅಂಚಿಗೆ ಒಂದೇ ಮಳೆಗಾಲಕ್ಕೆ ತುಕ್ಕು.

ಕೊನೇದು ಅಲ್ಯೂಮಿನಿಯಂ, ಮೂರೂವರೆ ಇಂಚಿನ ಪೈಪು, 2 ಮಿಮೀ ದಪ್ಪ. ಕೆಜಿ ಲೆಕ್ಕದಲ್ಲಿ ಕೊಡ್ತಾರೆ, ಪೈಪಿಗಿಂತ ಲೇತ್ (ಲೋಹನ ತಿರುಗಿಸ್ತಾ ಕಡಿಯೋ ಯಂತ್ರ) ಕೆಲಸಕ್ಕೇ ನಂಗೆ ಹೆಚ್ಚು ದುಡ್ಡಾಯ್ತು. ಆದ್ರೆ ಲೋಹದ ಕೊಳವೆಯ ನಿಜವಾದ ಲಾಭ ಇರೋದೇ ಆ ಲೇತಲ್ಲಿ, ಗಟ್ಟಿ ಇರುತ್ತೆ ಅನ್ನೋದಲ್ಲ. ಎರಡೂ ತುದೀನ ಲೇತಿಗೆ ಹಾಕಿ ಫೇಸಿಂಗ್ ಮಾಡಿದ್ರೆ, ಅಂದ್ರೆ ಅಂಚನ್ನ ಸಮವಾಗಿ ಕಡಿದ್ರೆ, ತುದಿ ಕೊಳವೆಗೆ ಸರಿಯಾಗಿ 90 ಡಿಗ್ರಿ ಬರುತ್ತೆ, ಲೆನ್ಸು ತಾನಾಗೇ ನೆಟ್ಟಗೆ ಕೂರುತ್ತೆ. ನಾನು ಹದಿನೈದು ದಿನ ಉಜ್ಜಿದ್ದು ಅಲ್ಲಿ ಹತ್ತು ನಿಮಿಷದ ಕೆಲಸ.

ಅಲ್ಲೂ ಒಂದು ಎಡವಟ್ಟು ಆಯ್ತು. ಲೆನ್ಸ್ ಕೂರೋ ರಿಂಗನ್ನ ಲೇತಿನವರು ಅಚ್ಚುಕಟ್ಟಾಗಿ ಟೈಟ್ ಫಿಟ್ಟಿಂಗ್ ಮಾಡಿ, "ನೋಡಿ ಸಾರ್, ಕೂದಲು ಹೋಗಲ್ಲ" ಅಂತ ಹೆಮ್ಮೆಯಿಂದ ಕೊಟ್ರು. ಸಂಜೆ ಚೆನ್ನಾಗೇ ಇತ್ತು, ಜನವರಿಯ ಬೆಳಗಿನ ಜಾವ ನಾಲ್ಕಕ್ಕೆ ನೋಡಿದ್ರೆ ನಕ್ಷತ್ರಗಳೆಲ್ಲ ಮೂರು ಮೂಲೆ! ಚಳಿಗೆ ಅಲ್ಯೂಮಿನಿಯಂ ಗಾಜಿಗಿಂತ ಎರಡು ಮೂರು ಪಟ್ಟು ಜಾಸ್ತಿ ಕುಗ್ಗುತ್ತೆ, ರಿಂಗು ಲೆನ್ಸನ್ನ ಹಿಂಡಿಬಿಟ್ಟಿತ್ತು. ಮತ್ತೆ ಹೋಗಿ ಲೂಸ್ ಮಾಡ್ಕೊಡಿ ಅಂದ್ರೆ ಅವರಿಗೆ ಬೇಜಾರು, "ಎಲ್ಲರೂ ಟೈಟ್ ಮಾಡು ಅಂತಾರೆ, ನೀವೇನ್ ಸಾರ್ ಲೂಸ್ ಅಂತೀರಿ". ಗಲಗಲ ಅನ್ನಬಾರದು, ಆದ್ರೆ ಬಗ್ಗಿಸಿದ್ರೆ ಲೆನ್ಸು ತನ್ನ ಭಾರಕ್ಕೇ ಜಾರಿ ಹೊರಗೆ ಬರಬೇಕು, ಅಷ್ಟು ಸಡಿಲ ಸಾಕು. ಹಾಂ, ಹಂಗೆ ಹೊರಗೆ ತೆಗೆದಾಗ ಎರಡು ಗಾಜಿನ ಅಂಚಿಗೂ ಪೆನ್ಸಿಲಲ್ಲಿ ಒಂದು ಗೆರೆ ಎಳೆದಿಡಿ, ಹಿಂದುಮುಂದು ಆದ್ರೆ ದೇವರೇ ಗತಿ.

ಇನ್ನೊಂದು ವಿಷಯದಲ್ಲಿ ಲೋಹ ಪಿವಿಸಿಗಿಂತ ಕಷ್ಟ. ಒಳಗೆ ಹೊಳಪು. ಹುಣ್ಣಿಮೆ ಚಂದ್ರ ನೋಟದಿಂದ ಸ್ವಲ್ಪ ಆಚೆ ಇದ್ರೂ ಸಾಕು, ಕೊಳವೆ ಗೋಡೆಗೆ ಬಡಿದ ಬೆಳಕೆಲ್ಲ ಬಂದು ಆಕಾಶ ಹಾಲು ಚೆಲ್ಲಿದಂಗೆ ಬಿಳಿಚಿಕೊಳ್ಳುತ್ತೆ. ಬ್ಲ್ಯಾಕ್‌ಬೋರ್ಡ್ ಪೇಂಟನ್ನ ನೇರವಾಗಿ ಬಳಿದೆ, ಎರಡು ವಾರಕ್ಕೆ ಹಪ್ಪಳ ಎದ್ದು ಚೂರು ಚೂರಾಗಿ ಲೆನ್ಸ್ ಹಿಂದೆ ಬಿತ್ತು. ಸ್ಯಾಂಡ್ ಪೇಪರ್ ಹಾಕಿ ಒರಟು ಮಾಡಿ, ಪ್ರೈಮರ್ ಹೊಡೆದು, ಆಮೇಲೆ ಬಳಿದಿದ್ದು ಇನ್ನೂ ನಿಂತಿದೆ. ಆದ್ರೆ ಬಣ್ಣಕ್ಕಿಂತ ಕೆಲಸ ಮಾಡಿದ್ದು ಕೊಳವೆ ಒಳಗೆ ಅಡ್ಡಕ್ಕೆ ಕೂರಿಸಿದ ಕಪ್ಪು ರಟ್ಟಿನ ಮೂರು ಬಳೆ. ಲೆನ್ಸಿಂದ ಬರೋ ಬೆಳಕು ಹಿಂದಕ್ಕೆ ಹೋಗ್ತಾ ಕಿರಿದಾಗುತ್ತಲ್ಲ, ಬಳೆಯ ತೂತೂ ಹಂಗೇ ಕಿರಿದಾಗಬೇಕು. ನನ್ನ ಲೆನ್ಸಿಗೆ ಸರಿಯಾಗಿ ಅರ್ಧ ದಾರೀಲಿ, ಅಂದ್ರೆ ಲೆನ್ಸಿಂದ 450 ಮಿಮೀ ದೂರದಲ್ಲಿ, 52 ಮಿಮೀ ತೂತು. ಇದಕ್ಕಿಂತ ಚಿಕ್ಕದು ಮಾಡಿದ್ರೆ 80 ಮಿಮೀ ಲೆನ್ಸ್ ತಗೊಂಡು ಅಂಚಿನ ಬೆಳಕನ್ನ ನೀವೇ ತಡೆದಂಗೆ.

ಇಬ್ಬನಿ ಕಾಟಾನೂ ಲೋಹಕ್ಕೇ ಜಾಸ್ತಿ, ರಾತ್ರಿ ಹತ್ತಕ್ಕೆಲ್ಲ ಕೊಳವೆ ಒದ್ದೆ, ಲೆನ್ಸ್ ಮಸುಕು. ಹಳೇ ಯೋಗ ಮ್ಯಾಟ್ ಕುಯ್ದು ಮುಂದೆ 15 ಸೆಂಮೀ ಟೋಪಿ ಹಾಕಿದ ಮೇಲೆ ನಡೀತಿದೆ.

ಹೋಲಿಕೆಗೆ ನಾನು ಇಟ್ಕೊಂಡಿದ್ದ ಪರೀಕ್ಷೆ ವಸಿಷ್ಠ ನಕ್ಷತ್ರ. ಮದುವೇಲಿ ಪುರೋಹಿತರು ಹಗಲಲ್ಲೇ ಬೆರಳು ತೋರಿಸ್ತಾರಲ್ಲ, ಅರುಂಧತಿ ಪಕ್ಕದವನು. ಆ ವಸಿಷ್ಠನೇ ಎರಡು ನಕ್ಷತ್ರ, ನಡುವೆ 14 ಆರ್ಕ್‌ಸೆಕೆಂಡು, ಅಂದ್ರೆ ಚಂದ್ರನ ಅಗಲದಲ್ಲಿ ಸುಮಾರು 130ನೇ ಒಂದು ಪಾಲು. ಪಿವಿಸೀಲಿ ಎರಡು ಅಂತ ಗೊತ್ತಾಗ್ತಿತ್ತು ಆದ್ರೆ ದೊಡ್ಡದರ ಬಾಲ ಚಿಕ್ಕದರ ಕಡೆಗೇ ಚಾಚಿಕೊಂಡು ರಾಡಿ. ತಗಡಲ್ಲಿ ಅದುರಾಟ ನಿಂತಾಗ ಮಾತ್ರ ಕಾಣೋದು. ಅಲ್ಯೂಮಿನಿಯಂನಲ್ಲಿ 36 ಪಟ್ಟಲ್ಲೇ ಎರಡು ಚುಕ್ಕಿ ಬೇರೆ ಬೇರೆ, 90ಕ್ಕೆ ಹೋದ್ರೆ ದೊಡ್ಡದರ ಸುತ್ತ ಒಂದು ತೆಳು ಉಂಗುರ ಕೂಡ, ಲೆನ್ಸು ನೆಟ್ಟಗೆ ಕೂತಿದೆ ಅನ್ನೋದಕ್ಕೆ ಅದೇ ಗುರುತು.

ಹಂಗಂತ ಲೋಹವೇ ಬೇಕು ಅಂತ ಏನಿಲ್ಲ, ಗೆಲಿಲಿಯೋ ಕಾಲದ ಕೊಳವೆ ಮರದ್ದು, 1824ರಲ್ಲಿ ಜರ್ಮನಿಯ ಲೆನ್ಸ್ ತಯಾರಕ ಫ್ರೌನ್‌ಹೋಫರ್ ಡೋರ್ಪಾಟ್ (ಈಗಿನ ಎಸ್ಟೋನಿಯಾದ ಟಾರ್ಟು) ವೀಕ್ಷಣಾಲಯಕ್ಕೆ ಮಾಡಿದ ದೊಡ್ಡ ದೂರದರ್ಶಕದ್ದೂ ಮರದ್ದೇ. ಚಂದ್ರ, ಗುರುವಿನ ಉಪಗ್ರಹ ಇಷ್ಟು ಮಕ್ಕಳಿಗೆ ತೋರಿಸೋಕಾದ್ರೆ ಪಿವಿಸಿ ತಗೊಳ್ಳಿ, ತುದೀನ ಮಾತ್ರ ಗರಗಸದಲ್ಲಿ ಕುಯ್ಯದೆ ಬಡಗಿ ಅಂಗಡಿಯ ಕಟ್ಟರಲ್ಲಿ ಕುಯ್ಸಿ, ಬಿಸಿಲಿಗೆ ಇಡಬೇಡಿ. 90 ಪಟ್ಟು, ಜೋಡಿ ನಕ್ಷತ್ರ, ಶನಿಯ ಬಳೆ ಅಂತ ಆಸೆ ಇದ್ದು, ಹತ್ತಿರದಲ್ಲಿ ಮಾತು ಕೇಳೋ ಲೇತಿನವರು ಸಿಕ್ರೆ ಅಲ್ಯೂಮಿನಿಯಂ. ಪೈಪ್ ಕೊಳ್ಳೋಕೆ ಹೋಗುವಾಗ ಲೆನ್ಸ್ ಅಳತೆಗೆ ರಟ್ಟಿನ ಬಿಲ್ಲೆ ಕತ್ತರಿಸಿ ಜೇಬಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಅಂಗಡಿಯವರು ಮೂರೂವರೆ ಇಂಚು ಅನ್ನೋದು ಹೊರಗಿನ ಅಳತೆ, ನಿಮಗೆ ಬೇಕಿರೋದು ಒಳಗಿಂದು.