ಹಗುರವಾದ ಟ್ರಿಗರ್‌ಗೆ ಮರುಳಾಗಿ ಪಿಸ್ತೂಲು ಕೊಳ್ಳುವ ಮುನ್ನ

ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರಬೇಕು. ಅರೆ-ಸ್ವಯಂಚಾಲಿತ ಎಂಬ ಮಾತಿನ ಅರ್ಥವೇ ಅದು. ನಾನು ಹೊಸದಾಗಿ ಕೊಂಡಿದ್ದ ಪಿಸ್ತೂಲು ಎಂಟನೆಯ ತಿಂಗಳಿನಲ್ಲಿ, ಗುರಿ ಅಭ್ಯಾಸದ ವೇಳೆ, ಒಂದೇ ಎಳೆತಕ್ಕೆ ಎರಡು ಗುಂಡು ಹಾರಿಸಿತು. ಮೊದಲನೆಯದು ಗುರಿಹಲಗೆಯ ನಡುವಿಗೆ ಬಿತ್ತು. ಎರಡನೆಯದು, ಹಿನ್ನೊದೆತಕ್ಕೆ ಕೈ ಮೇಲೆದ್ದಿದ್ದಾಗಲೇ ಹೊರಟು, ಹಲಗೆಯನ್ನೂ ದಾಟಿ ಹಿಂದಿನ ಮಣ್ಣಿನ ದಿಬ್ಬದ ನೆತ್ತಿಯಲ್ಲಿ ಹೂತುಕೊಂಡಿತು. ದಿಬ್ಬ ಇನ್ನೊಂದು ಗೇಣು ಗಿಡ್ಡವಾಗಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತೋ ಎಂದು ನೆನೆದರೆ ಇಂದಿಗೂ ಅಂಗೈ ಬೆವರುತ್ತದೆ.

ಅದು 1911 ಮಾದರಿಯ, 9 ಮಿಲಿಮೀಟರಿನ ಪಿಸ್ತೂಲು. ಈ ವಿನ್ಯಾಸ ಜಾನ್ ಬ್ರೌನಿಂಗ್ ಅವರದು. ಗುಂಡು ಹಾರುವ ಕ್ಷಣದಲ್ಲಿ ಬ್ಯಾರೆಲ್ (ನಳಿಗೆ) ಮತ್ತು ಸ್ಲೈಡ್ (ಅದರ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಒಂದಕ್ಕೊಂದು ಕಚ್ಚಿಕೊಂಡಿದ್ದು, ತುಸು ದೂರ ಒಟ್ಟಿಗೇ ಹಿಂದೆ ಸರಿದ ಬಳಿಕ ಸಣ್ಣ ಕೊಂಡಿಯೊಂದು ಬ್ಯಾರೆಲ್ಲಿನ ಹಿಂಬದಿಯನ್ನು ಕೆಳಗೆಳೆದು ಬಿಡಿಸುತ್ತದೆ. ಅಮೆರಿಕದ ಸೇನೆ ಇದನ್ನು 1911ರಲ್ಲಿ ಒಪ್ಪಿಕೊಳ್ಳುವ ಮುನ್ನ ನಡೆದ ಪರೀಕ್ಷೆಯಲ್ಲಿ 6,000 ಗುಂಡುಗಳನ್ನು ಹಾರಿಸಿದರೂ, ಕಾದಾಗ ನೀರಿನಲ್ಲಿ ಅದ್ದಿ ತಣಿಸಿದರೂ, ಬ್ರೌನಿಂಗ್ ಪಿಸ್ತೂಲು ತಡವರಿಸಲಿಲ್ಲ ಎಂಬುದನ್ನು ನಾನು ಓದಿದ್ದೆ. ನೂರು ವರ್ಷ ಬಾಳಿದ ವಿನ್ಯಾಸದಲ್ಲಿ ತಪ್ಪೇನಿದ್ದೀತು ಎಂದು ನಂಬಿದೆ. ಆ ಪರೀಕ್ಷೆಯಲ್ಲಿ ಗೆದ್ದದ್ದು ಆ ಪಿಸ್ತೂಲು, ನನ್ನದಲ್ಲ ಎಂಬುದು ಹೊಳೆಯಲಿಲ್ಲ.

ಕೊಳ್ಳುವಾಗ ನಾನು ಮೆಚ್ಚಿದ್ದು ಎರಡನ್ನು. ಸ್ಲೈಡ್ ಮತ್ತು ಚೌಕಟ್ಟಿನ ನಡುವೆ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಟ್ರಿಗರ್ ಅಂತೂ ಗಾಜಿನ ಕಡ್ಡಿ ಮುರಿದಂತೆ, ತೀರಾ ಹಗುರವಾಗಿ ಬಿಡುತ್ತಿತ್ತು. ಮಾರಾಟಗಾರರು ಇದನ್ನೇ ಮತ್ತೆ ಮತ್ತೆ ಎಳೆದು ತೋರಿಸಿದರು, ನಾನೂ ಎಳೆದು ನೋಡಿ ತಲೆದೂಗಿದೆ. ದುಬಾರಿ ಪಂದ್ಯದ ಪಿಸ್ತೂಲುಗಳಿಗೆ ಮಾತ್ರ ಇರುವ ಗುಣ ಸಾಧಾರಣ ಬೆಲೆಯ ಮಾಲಿಗೆ ಎಲ್ಲಿಂದ ಬಂತು ಎಂದು ಕೇಳಬೇಕಿತ್ತು.

ಅದು ಬಂದದ್ದು ಎಲ್ಲಿಂದ ಎಂಬುದನ್ನು ಕೊನೆಗೆ ಬಂದೂಕು ದುರಸ್ತಿಗಾರರು ಭೂತಗನ್ನಡಿಯ ಕೆಳಗೆ ತೋರಿಸಿದರು. ಬಿದ್ದು ಗುಂಡು ಸಿಡಿಸುವ ಹ್ಯಾಮರ್ ಅನ್ನು (ಹಳೆಯ ಬಂದೂಕಿನವರು ಇದನ್ನು ಕುದುರೆ ಎನ್ನುತ್ತಿದ್ದರು, ಈಗಲೂ ಚೆಂದದ ಮಾತು) ಎತ್ತಿ ನಿಲ್ಲಿಸಿದಾಗ ಅದನ್ನು ತಡೆದು ಹಿಡಿಯುವುದು ಸಿಯರ್ ಎಂಬ ಬೆರಳುಗುರಿನಷ್ಟು ಸಣ್ಣ ತುಣುಕಿನ ಅಂಚು. ಆ ಅಂಚು ಹ್ಯಾಮರಿನ ಕೊಕ್ಕೆಯನ್ನು ಕಡಿಮೆ ಕಚ್ಚಿದಷ್ಟೂ ಟ್ರಿಗರ್ ಹಗುರವಾಗುತ್ತದೆ. ಗಟ್ಟಿ ಲೋಹದಿಂದ ನಿಖರವಾಗಿ ಮಾಡಿದ್ದರೆ ಇದರಲ್ಲಿ ಅಪಾಯವಿಲ್ಲ. ನನ್ನ ಪಿಸ್ತೂಲಿನಲ್ಲಿ ಕಚ್ಚುವಿಕೆಯೂ ಅತ್ಯಲ್ಪ, ಲೋಹವೂ ಮೆದು. ಚೂಪಾಗಿರಬೇಕಿದ್ದ ಅಂಚು ಬಳಸಿ ಸವೆದ ಸಾಬೂನಿನಂತೆ ದುಂಡಗಾಗಿತ್ತು. ಹ್ಯಾಮರ್ ಜಾರಿದರೂ ನಡುವೆ ಹಿಡಿದು ನಿಲ್ಲಿಸಬೇಕಾದ ಅರ್ಧಗಚ್ಚಿನ ತುದಿಯೂ ಸವೆದಿತ್ತು. ಹಾಗಾಗಿ ಮೊದಲ ಗುಂಡಿನ ಬಳಿಕ ಹ್ಯಾಮರ್ ತಾನಾಗಿ ಜಾರಿ ಎರಡನೆಯದನ್ನೂ ಹಾರಿಸಿತ್ತು. ತೂಗಿ ನೋಡಿದರೆ ಟ್ರಿಗರಿನ ಎಳೆತ 1.3 ಕಿಲೋ ಮಾತ್ರ. ನಾನು ತಲೆದೂಗಿದ್ದು ಈ ದೋಷಕ್ಕೇ.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಸುಮಾರು ಆರು ವಾರ ಮೊದಲೇ, ಗುಂಡು ತುಂಬಿ ಸ್ಲೈಡ್ ಬಿಟ್ಟಾಗ ಹ್ಯಾಮರ್ ಅದರ ಹಿಂದೆಯೇ ಬಂದು ಅರ್ಧದಲ್ಲಿ ನಿಂತದ್ದು ಎರಡು ಬಾರಿ ಆಗಿತ್ತು. ಎಣ್ಣೆ ಜಾಸ್ತಿಯಾಯಿತೇನೋ ಎಂದು ಒರೆಸಿ ಮುಂದುವರಿಸಿದೆ. ಹಾಗೆ ಒಮ್ಮೆ ಆದರೂ ಸಾಕು, ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ತೆಗೆದು, ಚೇಂಬರ್ (ಹಾರಲಿರುವ ಗುಂಡು ಕೂರುವ ಗೂಡು) ಖಾಲಿ ಮಾಡಿ, ಅಂದಿಗೆ ಅಭ್ಯಾಸ ನಿಲ್ಲಿಸಿ. ದುರಸ್ತಿಗಾರರು ನೋಡುವ ತನಕ ಅದಕ್ಕೆ ಗುಂಡು ತುಂಬಬೇಡಿ. ಮನೆಯಲ್ಲೇ ಅರದಿಂದ ಉಜ್ಜಿ ಸರಿಮಾಡುತ್ತೇನೆ ಎಂಬ ಯೋಚನೆಯನ್ನಂತೂ ಹತ್ತಿರ ಸುಳಿಯಗೊಡಬೇಡಿ.

ಇನ್ನೊಂದು ಕಿರುಕುಳ ಮ್ಯಾಗಜಿನ್ನಿನದು. ಜೊತೆಗೆ ಕೊಟ್ಟ ಎರಡರಲ್ಲಿ ಒಂದರ ಬಾಯಂಚು ಅರ್ಧ ಮಿಲಿಮೀಟರಿನಷ್ಟು ಅಗಲವಾಗಿದ್ದು, ಅದರಿಂದ ಮೇಲೇರುವ ಕಾಡತೂಸು ಚೇಂಬರಿಗೆ ಸರಿಯಾಗಿ ಹೋಗದೆ ನಡುವೆ ಸಿಕ್ಕಿ ನಿಲ್ಲುತ್ತಿತ್ತು. ದೋಷ ಪಿಸ್ತೂಲಿನದೋ ಮ್ಯಾಗಜಿನ್ನಿನದೋ ತಿಳಿಯಲು ಅವುಗಳಿಗೆ ಒಂದು, ಎರಡು ಎಂದು ಗುರುತು ಹಾಕಿ, ಯಾವುದರಲ್ಲಿ ತಡೆಯಾಯಿತೆಂದು ಬರೆದಿಡುವುದೇ ಸುಲಭದ ದಾರಿ. ನಾನು ಮೂರು ತಿಂಗಳು ಗುರುತು ಹಾಕದೆ ಗುಂಡುಗಳನ್ನೇ ಬೈದುಕೊಂಡೆ.

ತಯಾರಕರಿಗೆ ಬರೆದಾಗ ಬಂದ ಉತ್ತರ ಎರಡು ಸಾಲಿನದು: ಗುಂಡುಗಳು ಸರಿಯಿಲ್ಲದಿರಬಹುದು; ಅನಧಿಕೃತ ವ್ಯಕ್ತಿ ಬಿಚ್ಚಿರುವುದರಿಂದ ಖಾತರಿ ಅನ್ವಯಿಸುವುದಿಲ್ಲ. ಆದ್ದರಿಂದ ದೋಷ ಕಂಡ ಕೂಡಲೇ, ಯಾರಿಂದಲೂ ಬಿಚ್ಚಿಸುವ ಮೊದಲು, ಲಿಖಿತ ದೂರು ಕೊಟ್ಟಿರಿ.

ಕೊಳ್ಳುವವರು ಅಂಗಡಿಯಲ್ಲೇ ಒಂದಿಷ್ಟು ನೋಡಬಹುದು. ಮಾರಾಟಗಾರರ ಒಪ್ಪಿಗೆ ಪಡೆದು, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಹ್ಯಾಮರ್ ಎತ್ತಿಟ್ಟು ಹಿಂದಿನಿಂದ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತಿ, ಅದು ಕದಲಬಾರದು. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿ ಟ್ರಿಗರ್ ಎಳೆದು ಬಿಟ್ಟು, ಬಳಿಕ ಸೇಫ್ಟಿ ತೆಗೆದಾಗಲೂ ಹ್ಯಾಮರ್ ಬೀಳಬಾರದು. ಅಚ್ಚಿನಲ್ಲಿ ಒತ್ತಿ ಮಾಡಿದ ಒಳಭಾಗಗಳೆಲ್ಲ ಕಳಪೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಒಳ್ಳೆಯ ಪಿಸ್ತೂಲುಗಳಲ್ಲೂ ಅವು ಇವೆ. ಆದರೆ ಸಿಯರ್ ಯಾವ ಲೋಹದ್ದೆಂದು ಕೇಳಿದರೆ ಮಾತು ಮರೆಸುವ ಮಾರಾಟಗಾರರಿಂದ ದೂರವಿರಿ.

ಈಗ ನನ್ನ ಪಿಸ್ತೂಲಿಗೆ ಬೇರೆ ತಯಾರಕರ ಸಿಯರ್ ಮತ್ತು ಹ್ಯಾಮರ್ ಜೋಡಿಯಾಗಿ ಬಂದಿವೆ, ಎಳೆತ 2.1 ಕಿಲೋ. ಮತ್ತೆ ಜೋಡಿ ಗುಂಡು ಹಾರಿಲ್ಲ. ಆದರೂ ಪ್ರತಿ ಅಭ್ಯಾಸದ ಆರಂಭದಲ್ಲಿ ಮ್ಯಾಗಜಿನ್ನಿಗೆ ಎರಡೇ ಗುಂಡು ತುಂಬಿ, ಕೈ ಬಿಗಿಹಿಡಿದು ಟ್ರಿಗರ್ ಎಳೆಯುತ್ತೇನೆ, ಎರಡನೆಯದು ಚೇಂಬರಿನಲ್ಲೇ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಮಿಕ್ಕದ್ದನ್ನು ತುಂಬುತ್ತೇನೆ.