ಬಟ್ಟಲು ಸರಿಯಿದ್ದರೆ ಬುಷ್ ಬರುತ್ತದೆ: 2,450 ರೂಪಾಯಿಯ ಒಂದು ಕಿಟ್ ಕುರಿತು

ಹಲ್ಲು ಕೀಳುವುದು ನನ್ನ ಹೊಟ್ಟೆಪಾಡು. ಶಿವಮೊಗ್ಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಸೋದರಮಾವನಿಂದ ಬಂದ 1989ರ ಪ್ರೀಮಿಯರ್ ಪದ್ಮಿನಿ ಕಾರಿನ ಹಿಂದಿನ ಸ್ಪ್ರಿಂಗ್ ತುದಿಗಳಲ್ಲಿ ಬೋಲ್ಟಿನ ಸುತ್ತ ಕೂತು ಅಲುಗಾಟ ನುಂಗುವ ರಬ್ಬರ್ ಬುಷ್‌ಗಳನ್ನೂ ನಾನೇ ಕೀಳುತ್ತೇನೆ ಎಂದು ಹೊರಟಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಕ್ಕರು, ಅಷ್ಟೇ.

ಕಾರು ಪ್ರತಿ ಹಂಪಿನಲ್ಲೂ ಹಿಂದಿನಿಂದ ‘ಕಟಕ್’ ಎನ್ನುತ್ತಿತ್ತು, ತಿರುವಿನಲ್ಲಿ ಸೊಂಟ ಬಳುಕಿಸುತ್ತಿತ್ತು. ಅಡಿಗೆ ನುಸುಳಿ ನೋಡಿದರೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್‌ನ ಮುಂದಿನ ಕಣ್ಣಿನಲ್ಲಿ (ತುದಿಯ ಉಂಗುರದಲ್ಲಿ) ರಬ್ಬರ್ ಒಂದೇ ಕಡೆ ಸವೆದುಹೋಗಿ, ಬೋಲ್ಟ್ ಹಾಯುವ ಒಳಗೊಳವೆ ನಡುಮಧ್ಯ ಬಿಟ್ಟು ಅಂಚಿಗೆ ಜಾರಿತ್ತು. ಆನ್‌ಲೈನ್‌ನಲ್ಲಿ 2,450 ರೂಪಾಯಿಗೆ ಬುಷ್ ಕೀಳುವ ಕಿಟ್ ತರಿಸಿದೆ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಥ್ರೆಡ್ ಇರುವ ಉದ್ದನೆಯ ಕಂಬಿ, ಎರಡು ದಪ್ಪ ನಟ್, ಒತ್ತಡದಲ್ಲೂ ನಟ್ ಸಲೀಸಾಗಿ ತಿರುಗಲೆಂದು ಒಂದು ಥ್ರಸ್ಟ್ ಬೇರಿಂಗ್, ಸಾಲಾಗಿ ಉಕ್ಕಿನ ಬಟ್ಟಲುಗಳು.

ಕೆಲಸದ ಮರ್ಮವೆಲ್ಲ ಈ ಬಟ್ಟಲುಗಳಲ್ಲಿದೆ. ಒಂದು ಬದಿಯದು ಬುಷ್‌ನ ಹೊರಗಿನ ಲೋಹದ ಕವಚಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು, ತಳ್ಳುವುದು ಅದು. ಇನ್ನೊಂದು ಬದಿಯದು ಬುಷ್ ಇಡಿಯಾಗಿ ಇಳಿಯುವಷ್ಟು ದೊಡ್ಡದಿದ್ದು ಸ್ಪ್ರಿಂಗ್‌ನ ಕಣ್ಣಿಗೆ ಒತ್ತಿ ಕೂರಬೇಕು. ನಡುವೆ ಕಂಬಿ. ಥ್ರೆಡ್‌ಗೆ ಗ್ರೀಸ್ ಹಚ್ಚಿ ನಟ್ ಬಿಗಿಯುತ್ತಾ ಹೋದರೆ ಸುತ್ತಿಗೆಯ ಹಂಗಿಲ್ಲದೆ ಬುಷ್ ಆಚೆ ಬರಬೇಕು.

ಬಲಗಡೆಯದು ಬರಲಿಲ್ಲ. ತುಕ್ಕು ಹಿಡಿದ ಬೋಲ್ಟ್ ಒಳಗೊಳವೆಗೆ ಕಚ್ಚಿಕೊಂಡಿದ್ದರಿಂದ ಅದನ್ನು ಬಿಡಿಸುವುದಕ್ಕೇ ಎರಡು ಸಂಜೆ ಹೋಗಿತ್ತು. ಆಮೇಲೆ ಕಿಟ್ ಜೋಡಿಸಿ ನಟ್ ತಿರುಗಿಸಿದೆ. ರಬ್ಬರ್ ಕಿರುಗುಟ್ಟಿತು, ಉಬ್ಬಿತು, ಒಳಗೊಳವೆಯ ಸಮೇತ ಪುಳಕ್ಕನೆ ಕಿತ್ತು ಬಂತು. ಹೊರಕವಚ ಮಾತ್ರ ಇದ್ದಲ್ಲೇ ಇತ್ತು. ಮೇಲ್ಭಾಗ ಮುರಿದು ಬೇರು ದವಡೆಯಲ್ಲೇ ಉಳಿದ ಹಲ್ಲು ಹೇಗೋ, ಹಾಗೆ. ವರ್ನಿಯರ್ ಅಳತೆಗೋಲು ಹಿಡಿದು ನೋಡಿದರೆ ನಾನು ಬಳಸಿದ ಬಟ್ಟಲು ಕವಚಕ್ಕಿಂತ 3 ಮಿ.ಮೀ. ಚಿಕ್ಕದು. ಅದರ ಮುಂದಿನ ಅಳತೆಯದು ಕಣ್ಣಿನೊಳಗೆ ಹೋಗುವುದೇ ಇಲ್ಲ. ಯಾವ ಬಟ್ಟಲ ಮೇಲೂ ಅಳತೆ ಬರೆದಿಲ್ಲ. ಇದು ಸಣ್ಣ ತಪ್ಪಲ್ಲ.

ಬೆಂಕಿ ಕೊಟ್ಟು ಸುಡಿ ಎಂದವರಿದ್ದರು. ಹದ ಮಾಡಿದ ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿದರೆ ಹದವೇ ಕೆಡುತ್ತದೆ, ಉರಿಯುವ ರಬ್ಬರಿನ ಹೊಗೆ ಬೇರೆ. ಅದರ ಬದಲು ಹ್ಯಾಕ್‌ಸಾ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ ಫ್ರೇಮಿಗೆ ಕಟ್ಟಿ, ಕವಚವನ್ನು ಉದ್ದಕ್ಕೆ ಸೀಳಿದೆ. ಹತ್ತು ಸಲ ಉಜ್ಜುವುದು, ಟಾರ್ಚ್ ಬಿಟ್ಟು ನೋಡುವುದು. ಬ್ಲೇಡ್ ಕಣ್ಣಿನ ಉಕ್ಕಿಗೆ ತಾಗಿದರೆ ಆ ಗೀರಿನಿಂದಲೇ ಮುಂದೆ ಬಿರುಕು ಶುರುವಾಗಬಹುದು. ಸೀಳಿನ ಪಕ್ಕ ಸಣ್ಣ ಉಳಿ ಇಟ್ಟು ತಟ್ಟಿದಾಗ ಕವಚ ಒಳಕ್ಕೆ ಮಡಚಿಕೊಂಡು, ಕೆಂಪು ತುಕ್ಕಿನ ಪುಡಿಯ ಜೊತೆ ಮಡಿಲಿಗೆ ಬಿತ್ತು. ಕ್ಲಿನಿಕ್ಕಿನ ಮುಖಕವಚ ಹಾಕಿಕೊಂಡಿದ್ದು ಒಳ್ಳೆಯದಾಯಿತು.

ಎಡಗಡೆಗೆ ಕೈಹಾಕುವ ಮುನ್ನ ಆಟೋ ಕಾಂಪ್ಲೆಕ್ಸ್‌ನ ಒಂದು ಲೇತ್ ಅಂಗಡಿಗೆ ಹೋದೆ. “ರಬ್ಬರನ್ನು ಯಾಕೆ ತಳ್ಳುತ್ತೀರಿ ಮೇಡಂ? ಕವಚವನ್ನು ತಳ್ಳಿ” ಎಂದು ಅಲ್ಲಿಯ ಯಜಮಾನರು 350 ರೂಪಾಯಿಗೆ ಸರಿಯಾದ ಅಳತೆಯ ಬಟ್ಟಲು ಕಡೆದುಕೊಟ್ಟರು. ಅದನ್ನು ಇಟ್ಟು ಬಿಗಿದಾಗ ಟಪ್ ಎಂದು ಒಂದೇ ಸದ್ದು. ಆಮೇಲೆ ಬುಷ್ ಬೆಣ್ಣೆಯಂತೆ ಸರಿಯಿತು. ಹೊಸದನ್ನು ಕೂರಿಸಿದ್ದೂ ಅದೇ ಕಂಬಿಯಿಂದ, ಸೊಟ್ಟಗಾಗದೆ. ಅಂದರೆ ಕಂಬಿ, ನಟ್ ಗಟ್ಟಿ. ಅದಕ್ಕೆ ಪೂರ್ತಿ ಅಂಕ. ಬೇರಿಂಗ್ ಮಾತ್ರ ಅಷ್ಟರಲ್ಲೇ ಒಡೆದು ಗುಂಡುಗಳು ನೆಲದ ಮೇಲೆಲ್ಲ ಉರುಳಿದವು.

ಜೊತೆಗೆ ಬಂದ ಚೀಟಿಯಲ್ಲಿ ಬೇಕಾದ ಮಾತು ಒಂದೂ ಇಲ್ಲ. ಹೇಳಬೇಕಿದ್ದುದು ಇಷ್ಟು: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಬೇರೆಯೇ ಜಾಕ್ ಕೊಟ್ಟು, ಸ್ಪ್ರಿಂಗ್ ಮೇಲಿನ ಭಾರ ತೆಗೆಯದೆ ಬೋಲ್ಟ್ ಬಿಚ್ಚಬಾರದು. ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಕಾರಿಗೆ ಹಿಡಿಸುವ ಶ್ಯಾಕಲ್ ಎಂಬ ಕೊಂಡಿಯ ಬರಿ ರಬ್ಬರ್ ಬುಷ್‌ಗಳಿಗೆ ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಹಚ್ಚಿದರೆ ಊದಿಕೊಳ್ಳುತ್ತವೆ. ಕೊನೆಯ ಬಿಗಿತ ಚಕ್ರಗಳು ನೆಲಕ್ಕೆ ತಾಗಿ ಕಾರಿನ ಭಾರ ಕೂತ ಮೇಲೆಯೇ, ಇಲ್ಲವಾದರೆ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಹತ್ತಿರದಲ್ಲಿ ಲೇತ್ ಇದ್ದವರು ಕೊಳ್ಳಬಹುದು. ಬೇರಿಂಗ್ ಬದಲಾಯಿಸಿ ಕಳುಹಿಸುತ್ತೇವೆ ಎಂದು ಮಾರಿದವರು ಹೇಳಿ ಆರು ವಾರವಾಯಿತು. ಕಾರಿನ ಹಿಂಭಾಗವಂತೂ ಈಗ ಸದ್ದಿಲ್ಲ. ಅದಕ್ಕೇ ಇರಬೇಕು, ಮುಂದಿನ ಎಡ ಚಕ್ರದ ಕಡೆಯಿಂದ ಏನೋ ಕೇಳಿಸಲು ಶುರುವಾಗಿದೆ.