ನೆರೆ ಪರಿಹಾರಕ್ಕೆ ದುಡ್ಡು: ಸಿಎಂ ನಿಧಿಗಾ, ಗೂಂಜ್‌ಗಾ?

ತೆರಿಗೆ ಲೆಕ್ಕ ಮೊದಲು ಮುಗಿಸಿಬಿಡೋಣ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಕೊಟ್ಟ ಮೊತ್ತ ಪೂರ್ತಿ ನಿಮ್ಮ ತೆರಿಗೆ ಲೆಕ್ಕದ ಆದಾಯದಿಂದ ಕಳೆಯುತ್ತದೆ, ಸ್ವಯಂಸೇವಾ ಸಂಸ್ಥೆಯಾದ ಗೂಂಜ್‌ಗೆ ಕೊಟ್ಟರೆ ಅರ್ಧ. ಅದೂ ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ.

ನಿಧಿಯ ಹಿಂದೆ ಇಡೀ ಸರ್ಕಾರವೇ ಇದೆ, ಅದು ದೊಡ್ಡ ಬಲ. ಆದರೆ ಬಡ ರೋಗಿಗಳ ಚಿಕಿತ್ಸೆಗೂ ಇದೇ ನಿಧಿಯಿಂದ ಹಣ ಹೋಗುತ್ತದೆ, ಹಾಗಾಗಿ ನಿಮ್ಮ ಸಾವಿರ ರೂಪಾಯಿ ಯಾರ ಮನೆ ಗೋಡೆಗೆ ಸೇರಿತು ಅಂತ ಹುಡುಕುತ್ತಾ ಕೂರುವುದು ವ್ಯರ್ಥ.

ಗೂಂಜ್ ಶುರುವಾಗಿದ್ದು 1999ರಲ್ಲಿ. ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಬಂತು. ಪ್ರಶಸ್ತಿ ಬಿಡಿ, ನಾನು ನೋಡುವುದು ಕೆಲಸದ ರೀತಿ. 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ರಸ್ತೆ ಬದಿಯಲ್ಲಿ ದಾನದ ಬಟ್ಟೆ ರಾಶಿ ರಾಶಿ ಬಿದ್ದಿತ್ತು (ಕೆಲವರಿಗೆ ದಾನ ಅಂದರೆ ಬೀರು ಖಾಲಿ ಮಾಡುವುದು). ಅದನ್ನು ವಿಂಗಡಿಸಲು ಕೂತವರು ಇವರು. ಹಳೇ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಮಾಡುತ್ತಾರೆ. ಊರಿನವರು ಸೇರಿ ಬಾವಿ ತೋಡಿದರೆ, ರಸ್ತೆ ಸರಿ ಮಾಡಿದರೆ ಪ್ರತಿಯಾಗಿ ಬಟ್ಟೆ, ದಿನಬಳಕೆ ಸಾಮಾನಿನ ಕಿಟ್ ಸಿಗುತ್ತದೆ. ಕೈಚಾಚಿದ ಹಾಗಾಗುವುದಿಲ್ಲ, ಅಲ್ವಾ?

ತೆರಿಗೆ ಉಳಿಸುವುದೇ ಜಾಸ್ತಿ ಮುಖ್ಯವಾದರೆ ನಿಧಿ. ನನ್ನ ದುಡ್ಡು ಮಾತ್ರ ಗೂಂಜ್‌ಗೆ.